ಕರಿಕಂಬಳಿಗೆ ಕೊಟ್ಟ ವರಗಳು

ಮೇಷ್ಟ್ರ ಬಲಗಿವಿ ಕಿವಿಯ ಬಣ್ಣದಲ್ಲಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಬ್ರಷ್ಷನ್ನು ಒರೆಸದೆ ಹಾಗೇ ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ. ಕಿವಿ ನೀಲಿಯಾಗಿದ್ದರೆ ಯಾವುದೋ ಶಾಲೆಯ ಗೋಡೆಗೆ ಭೂಪಟ ಬರೆಯುತ್ತಿದ್ದಾರೆ, ಹಳದಿಯಾಗಿದ್ದರೆ ಹಿರೇಹಡಗಲಿ ಕಡೆಯವರ ಬಯಲಾಟಕ್ಕೆ ಕಿರೀಟ ತಯಾರಾಗುತ್ತಿದೆ, ಕಪ್ಪಾಗಿದ್ದರೆ ಚಿತ್ರಕಥೆಯ ಹೊಸ ಸಂಚಿಕೆ ಬರಲಿದೆ ಎಂದು ಅರ್ಥ. ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ನನ್ನ ಝೆರಾಕ್ಸ್ ಅಂಗಡಿಗೆ ಅವರು ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ಆ ಕಿವಿಯನ್ನೇ. "ಸಾರ್, ಕಿವಿ ತೊಳಕೊಳ್ರಿ, ಪಲ್ಲೆ ಬೆಳದಾವು" ಎಂದರೆ, "ಬೆಳೀಲಿ ಬಿಡವಾ, ಸಂತಿಗೆ ಹೋಗೋದು ತಪ್ಪತೈತಿ" ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ನಮಗೆ ಚಿತ್ರಕಲೆ ಕಲಿಸಿದವರು ಅವರು. ಕಲಿಯದೇ ಇದ್ದದ್ದು ನಾನು, ಅದರಲ್ಲಿ ಅವರ ತಪ್ಪಿಲ್ಲ. ನಾನು ಬರೆದ ಆನೆಯನ್ನು ಬಹಳ ಹೊತ್ತು ನೋಡಿ, "ಹಾಲು ಎಷ್ಟು ಕೊಡತೈತಿ?" ಎಂದು ಕೇಳಿದ್ದು ಇವತ್ತಿಗೂ ನನ್ನ ಗೆಳತಿಯರ ಬಾಯಲ್ಲಿದೆ. ಆದರೆ ಅಳಿಸಲು ಬಿಡಲಿಲ್ಲ. ಅವರ ತರಗತಿಗೆ ರಬ್ಬರ್ ತರುವ ಹಾಗೇ ಇರಲಿಲ್ಲ. "ಬಿದ್ದ ಗೆರಿ ಬಿತ್ತು. ಈಗ ಅದಕ್ಕೊಂದು ಹೊಟ್ಟಿಪಾಡು ನೋಡ್ರಿ" ಎನ್ನುತ್ತಿದ್ದರು. ತಮ್ಮ ಗೆರೆ ಎಲ್ಲಾದರೂ ತಪ್ಪಿ ಬಿದ್ದರೆ ಅದನ್ನೊಂದು ಆಡು ಮಾಡಿಬಿಡುತ್ತಿದ್ದರು. ಹೀಗಾಗಿ ಅವರ ಚಿತ್ರಗಳಲ್ಲೆಲ್ಲ ಆಡುಗಳೇ. ಶಾಲೆಯ ಗೋಡೆಗೆ ಬರೆದ ಸ್ವಾತಂತ್ರ್ಯದ ಮೆರವಣಿಗೆಯಲ್ಲೂ ಧ್ವಜ ಹಿಡಿದವರ ಕಾಲ ಸಂದಿಯಲ್ಲಿ ಒಂದು ಆಡು ಹೊರಟಿತ್ತು. ತಪಾಸಣೆಗೆ ಬಂದ ಸಾಹೇಬರು ಇದೇನ್ರಿ ಎಂದು ಕೇಳಿದರೆ, "ಅದೂ ಹೋರಾಟಕ್ಕ ಬಂದಿತ್ತು ಸಾರ್" ಎಂದರಂತೆ.

ಮೇಷ್ಟ್ರು ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ಅವರ ತಮ್ಮ ಇನ್ನೂ ತೊಟ್ಟಿಲ ಕೂಸು, ಸಾಕಿದ್ದು ಇವರೇ. "ಒಬ್ಬನ್ನ ಸಾಕೇ ಸಾಕಾಗೈತಿ, ಮತ್ತ್ಯಾಕ ಮಕ್ಕಳು?" ಎಂದು ಬಾಯಲ್ಲಿ ಅನ್ನುತ್ತಿದ್ದರೂ ತಮ್ಮನೆಂದರೆ ಜೀವ. ಅವನು ಯಾರದೋ ಕಿಟಕಿ ಒಡೆದರೆ ತಪ್ಪಾಯಿತೆನ್ನಲು ಹೋಗುತ್ತಿದ್ದದ್ದು ಅಣ್ಣ. ಯಾರ ಮಗನನ್ನೋ ಬಡಿದು ಬಂದರೆ ಆ ಮನೆಯ ಬಾಗಿಲಲ್ಲಿ ನಿಂತು ಬೈಸಿಕೊಳ್ಳುತ್ತಿದ್ದದ್ದೂ ಅಣ್ಣ. ತಮ್ಮ ಮಾತ್ರ ಮನೆಯಲ್ಲಿ ಹಾಯಾಗಿ ಮಂಡಕ್ಕಿ ತಿನ್ನುತ್ತಾ ಕೂತಿರುತ್ತಿದ್ದ. "ತಾಯಿಲ್ಲದ ಕೂಸವಾ, ಅವಗ್ಯಾಕ ನೋವು?" ಎನ್ನುತ್ತಿದ್ದರು ಮೇಷ್ಟ್ರು. ಅದನ್ನು ನಾವೆಲ್ಲ ದೊಡ್ಡ ಗುಣವೆಂದೇ ತಿಳಿದಿದ್ದೆವು. ಅಲ್ಲವೆನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ.

ಆ ತಮ್ಮ ಕೆಟ್ಟವನಾಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೊರೊನಾ ಕಾಲದಲ್ಲಿ ಅವನು ತನ್ನ ಗೂಡ್ಸ್ ಗಾಡಿಯ ಹಿಂದೆ ಹಾಸಿಗೆ ಹಾಸಿ, ಉಸಿರು ಸಿಗದವರನ್ನು ದಾವಣಗೆರೆಗೆ, ಬಳ್ಳಾರಿಗೆ ಹೊತ್ತೊಯ್ದ. ಕೂಡ್ಲಿಗಿಯಿಂದ ಫೋನ್ ಬಂದರೂ ಹೋದ, ಹರಪನಹಳ್ಳಿಯಿಂದ ಬಂದರೂ ಹೋದ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಮುಟ್ಟಲು ಹೆದರಿದವರನ್ನು ಇವನು ಎರಡೂ ಕೈಯಲ್ಲಿ ಎತ್ತಿಕೊಂಡ. ನನ್ನ ಮಾವನವರನ್ನೂ ಹಾಗೇ ಎತ್ತಿಕೊಂಡು ಹೋದವನು, "ಅಕ್ಕಾ, ಅಜ್ಜ ಗಟ್ಟಿ ಅದಾನ, ರೊಟ್ಟಿ ಕೇಳಾಕತ್ಯಾನ" ಎಂದು ಫೋನ್ ಮಾಡಿದಾಗ ನಾನು ಅಂಗಡಿಯ ಬಾಗಿಲಲ್ಲೇ ಕುಸಿದು ಕುಳಿತು ಅತ್ತಿದ್ದೇನೆ. ಆ ಋಣ ಮರೆಯುವಂಥದ್ದಲ್ಲ. ಯಾರೂ ಮರೆಯದಿದ್ದದ್ದೇ ಮುಂದೆ ನಮಗೆಲ್ಲ ಕಂಟಕವಾಯಿತು.

ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲೇ ಮೇಷ್ಟ್ರು ಚಿತ್ರಕಥೆ ಶುರು ಮಾಡಿದ್ದು. ನಾಯಕನ ಹೆಸರು ಕರಿಕಂಬಳಿ. ಹೆಗಲ ಮೇಲಿನ ಕಂಬಳಿಯನ್ನು ಹರಡಿದರೆ ಸಾಕು, ಗುಡ್ಡ ದಾಟಿ ಹಾರಿ ಹೋಗಿ ಕಷ್ಟದಲ್ಲಿದ್ದವರನ್ನು ಎತ್ತಿಕೊಂಡು ಬರುತ್ತಾನೆ. ಮುಖ ಮಾತ್ರ ತಮ್ಮನದೇ. ಅದೇ ಗುಂಗುರು ಕೂದಲು, ಮುಂದಿನ ಅದೇ ಅರ್ಧ ಮುರಿದ ಹಲ್ಲು. ಮೂಲ ಪುಟಗಳನ್ನು ನನ್ನ ಅಂಗಡಿಯಲ್ಲಿ ಝೆರಾಕ್ಸ್ ಮಾಡಿ, ಮಡಿಚಿ, ಪಿನ್ನು ಹೊಡೆದರೆ ಪುಸ್ತಕ ಸಿದ್ಧ. ಹುಡುಗರು ಮುಗಿಬಿದ್ದರು. ತಮ್ಮನೂ ಬಂದು ಕಟ್ಟುಗಟ್ಟಲೆ ಒಯ್ದು, "ನೋಡ್ರಿ, ನನ್ನ ಹಲ್ಲನೂ ಬಿಟ್ಟಿಲ್ಲ ನಮ್ಮಣ್ಣ" ಎಂದು ಕಂಡಕಂಡವರಿಗೆ ತೋರಿಸಿ ನಗುತ್ತಿದ್ದ.

ಬೇರೆ ಊರುಗಳಿಗೆ ಪುಸ್ತಕ ಮುಟ್ಟಿಸುತ್ತಿದ್ದವಳು ಹೂವಿನವ್ವ. ಹೂವಿನಹಡಗಲಿಯಿಂದ ನಸುಕಿನ ಬಸ್ಸಿಗೆ ಮಲ್ಲಿಗೆ ತಂದು ನಿಲ್ದಾಣದ ಮುಂದೆ ಮಾರುತ್ತಿದ್ದ ಹೆಂಗಸು. ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಅದರಲ್ಲಿ ಪುಸ್ತಕ ತುಂಬಿಕೊಂಡು, ಹಡಗಲಿಗೆ ತಾನು ಒಯ್ದು, ಉಳಿದದ್ದನ್ನು ಗುರುತಿನ ಹೂವಿನವರ ಕೈಯಲ್ಲಿ ಮಿಕ್ಕ ಊರುಗಳಿಗೆ ಕಳಿಸುತ್ತಿದ್ದಳು. ಹಡಗಲಿಯ ಹುಡುಗರು ಪುಸ್ತಕ ಓದುವುದಕ್ಕಿಂತ ಮೊದಲು ಮೂಸಿ ನೋಡುತ್ತಿದ್ದರಂತೆ. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಥೆಯೆಲ್ಲ ಗೊತ್ತು. ಬಸ್ಸಿನಲ್ಲಿ ಯಾರನ್ನಾದರೂ ಹಿಡಿದು ಓದಿಸಿಕೊಳ್ಳುತ್ತಿದ್ದಳು.

ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಕರಿಕಂಬಳಿ ಓದುವವರ ಕಡೆಗೆ ಎರಡೂ ಕೈ ಒಡ್ಡಿ ನಿಂತಿರುತ್ತಿದ್ದ. ಅವನಿಗೆ ಒಂದು ವರ ಕೊಡುವುದು ಮಕ್ಕಳ ಕೆಲಸ. ಬಯಲಾಟ ನೋಡಿ ಬೆಳೆದ ಮಕ್ಕಳಿಗೆ ವರವೆಂದರೇನು ಎಂದು ಹೇಳಿಕೊಡಬೇಕೆ? ಮೇಷ್ಟ್ರ ನಿಯಮ ಎರಡೇ. ಅವನು ತಾನಾಗಿ ಕೈ ಒಡ್ಡಿದಾಗ ಮಾತ್ರ ವರ ಕೊಡಬೇಕು, ಕೊಟ್ಟ ವರ ವಾಪಸ್ ಇಲ್ಲ. ಬೇರೆ ಊರಿನ ಮಕ್ಕಳ ವರವನ್ನು ಹೂವಿನವ್ವ ಬಾಯಲ್ಲೇ ಹೊತ್ತು ತಂದು, ಬುಟ್ಟಿ ಇಳಿಸುವ ಮೊದಲೇ ಒಪ್ಪಿಸುತ್ತಿದ್ದಳು. "ಹರಪನಹಳ್ಳಿ ಹುಡುಗ್ರು ಅಂದಾರ್ರಿ, ನೀರಾಗ ಮುಳುಗಬಾರದಂತ ಅವ." ಕೂಡ್ಲಿಗಿಯವರು, ಯಾವ ಬಾಗಿಲಾದರೂ ಅವನು ಮುಟ್ಟಿದರೆ ತೆರೆಯಲಿ ಎಂದರು. ಹಗರಿಬೊಮ್ಮನಹಳ್ಳಿಯವರು, ಅವನ ಮಾತಿಗೆ ಯಾರೂ ಒಲ್ಲೆ ಎನ್ನಬಾರದು ಎಂದರು. ಚಿಗಟೇರಿಯ ಒಬ್ಬ ಹುಡುಗಿ ಇಲ್ಲಿಯ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ಅವಳ ಅಪ್ಪನನ್ನೂ ಆ ಗೂಡ್ಸ್ ಗಾಡಿಯೇ ಉಳಿಸಿತ್ತು. ಅವಳು ಅಂಗಡಿಗೆ ಬಂದು ಮೇಷ್ಟ್ರ ಕಿವಿಯಲ್ಲಿ ತನ್ನ ವರ ಹೇಳಿದಳು. "ಕರಿಕಂಬಳಿಗೆ ಎಂದೂ ನೋವಾಗಬಾರದು ಸಾರ್."

ಮೇಷ್ಟ್ರು ಅವಳ ತಲೆ ಸವರಿ, "ಇದು ಎಲ್ಲಾಕಿಂತ ಚೊಲೊ ವರ" ಎಂದರು. ನನಗೂ ಹಾಗೇ ಅನಿಸಿತ್ತು.

ಆಮೇಲೆ ರೋಗದ ಕಾಲ ಮುಗಿಯಿತು, ತಮ್ಮನ ಕಾಲ ಶುರುವಾಯಿತು. ಗಂಡ ಹೆಂಡಿರ ಜಗಳವಿರಲಿ, ಹೊಲದ ಬದುವಿನ ತಕರಾರಿರಲಿ, ಜನ ಅವನ ಹತ್ತಿರ ಹೋದರು. ಅವನು ಹೇಳಿದ್ದು ತೀರ್ಮಾನವಾಯಿತು. ಹಿಂದೆ ಮುಂದೆ ನಾಲ್ಕು ಬೈಕು, ಗೋಡೆಗೆಲ್ಲ ಅವನ ಫ್ಲೆಕ್ಸು. ಅವನ ಮಾತು ಒಪ್ಪದ ಒಬ್ಬ ಮೆಕ್ಯಾನಿಕ್‌ನ ಅಂಗಡಿಗೆ ಬೆಳಗಾಗುವಷ್ಟರಲ್ಲಿ ಬೇರೆ ಬೀಗ ಬಿದ್ದಿತ್ತು. ಪೊಲೀಸರಿಗೆ ಹೇಳಬೇಕಿತ್ತು, ನಿಜ. ಯಾರು ಹೇಳುವುದು? ಅವನ ಗಾಡಿಯಲ್ಲಿ ಮಲಗಿ ಹೋಗಿ ಬದುಕಿ ಬಂದವರು ಓಣಿಗೊಬ್ಬರಿದ್ದರು. ನನ್ನ ಮನೆಯಲ್ಲೇ ಇದ್ದರು. "ಏನೋ ಹುಡುಗ, ಸಿಟ್ಟು ಜಾಸ್ತಿ" ಎಂದು ನನ್ನ ಮಾವನವರು ಕೆಮ್ಮಿ ಮಗ್ಗುಲು ಬದಲಿಸಿದರು. ಅವನು ಪುಸ್ತಕ ಕೇಳಲು ಬರುವುದೂ ನಿಂತಿತ್ತು, ಪುರುಸೊತ್ತಾದರೂ ಎಲ್ಲಿ?

ಒಂದು ದಿನ ನಿಲ್ದಾಣದ ಮುಂದೆ ಕುಳಿತು ಮಾರುವವರನ್ನೆಲ್ಲ ಹಿಂದಕ್ಕೆ ಕಳಿಸಿ ಅಲ್ಲಿ ತನ್ನ ಕಡೆಯವರ ಅಂಗಡಿ ಹಾಕಿಸಲು ಅವನೇ ಬಂದ. ಎಲ್ಲರೂ ಎದ್ದರು. ಹೂವಿನವ್ವ ಏಳಲಿಲ್ಲ.

"ಇಲ್ಲೇ ಕುಂತು ಕೂದಲ ಬೆಳ್ಳಗಾಗ್ಯಾವಪಾ. ನಾ ಒಲ್ಲೆ."

ಅವನು ಸಿಟ್ಟಾಗಲಿಲ್ಲ. ನಕ್ಕ. ಬಗ್ಗಿ, "ಏಳವ್ವಾ, ಹಟ ಮಾಡಬ್ಯಾಡ" ಎಂದು ಅವಳ ಮುಂಗೈ ಹಿಡಿದು ಎತ್ತಿದ. ನನ್ನ ಅಂಗಡಿಯಿಂದಲೇ ನನಗೆ ಕಂಡಿತು. ಅವಳು ಕಿರುಚಿದ್ದು ಕೇಳಿ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮಲ್ಲಿಗೆ ದಂಡೆಗಳು ಮಣ್ಣಾದವು. ಅವನು ಅಷ್ಟೊತ್ತಿಗೆ ಫೋನಿನಲ್ಲಿ ಮಾತಾಡುತ್ತಾ ಮುಂದಕ್ಕೆ ಹೋಗಿದ್ದ.

ಸಂಜೆ ಮೇಷ್ಟ್ರು ಅವನನ್ನು ನನ್ನ ಅಂಗಡಿಗೇ ಕರೆಸಿದರು.

"ಆಕಿ ಕೈ ಮುರದೈತಿ ತಮ್ಮಾ."

"ಯಾರದಣ್ಣಾ?"

"ಹೂವಿನವ್ವಂದು. ನೀನ ಹಿಡದು ಎಬ್ಬಿಸಿದೆಲ್ಲ."

"ಏ, ನಾ ಮೆತ್ತಗ ಹಿಡದಿದ್ನಣ್ಣ!" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ವಯಸ್ಸಾಗೈತಿ ಆಕಿಗೆ, ಎಲುಬು ಸವದಿರತಾವು. ಲೇ, ಯಾರಲೇ ಅಲ್ಲಿ? ಆ ಅವ್ವನ ಮನಿಗೆ ಹಣ್ಣಿನ ಬುಟ್ಟಿ ಕಳಸ್ರಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಎದೆಗಾರಿಕೆಯಿಂದ ಎರಡು ಮಾತು ಬೈಯಬಹುದಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತೇ ಇದ್ದರು. ಮುಂದೆ ಬಹಳ ದಿನ ಅವರ ಕಿವಿಗೆ ಯಾವ ಬಣ್ಣವೂ ಹತ್ತಲಿಲ್ಲ.

ಆಮೇಲೆ ಒಂದು ದಿನ ಹೊಸ ಸಂಚಿಕೆಯ ಪುಟಗಳನ್ನು ತಂದರು, ನಾನು ಮಷೀನಿಗೆ ಇಡದೆ ಓದಿದೆ. ಕರಿಕಂಬಳಿ ಒಂದು ಊರಿಗೆ ಇಳಿಯುತ್ತಾನೆ. ಒಂದು ಕೂಸು ಖುಷಿಯಿಂದ ಕೈ ಚಾಚುತ್ತದೆ. ಇವನು ಪ್ರೀತಿಯಿಂದಲೇ ಅದುಮುತ್ತಾನೆ. ಕೂಸು ಚೀರುತ್ತದೆ, ಅದೂ ಆಟವೆಂದು ತಿಳಿದು ಇವನು ನಗುತ್ತಾನೆ. ನೋವೆಂದರೇನೆಂದೇ ಗೊತ್ತಿಲ್ಲದವನಿಗೆ ಅದು ಹೇಗೆ ತಿಳಿಯಬೇಕು? ಅಲ್ಲಿಂದ ಮುಂದೆ ಪುಟ ಪುಟಕ್ಕೂ ಅವನು ಬೇರೆಯಾಗುತ್ತಾ ಹೋಗುತ್ತಾನೆ. ಕೊನೆಯಲ್ಲಿ ಊರ ಕಟ್ಟೆಯ ಮೇಲೆ ಅವನೊಬ್ಬನೇ ಕುಳಿತಿದ್ದಾನೆ. ಸುತ್ತಲೂ ಎಲ್ಲ ಮನೆಗಳ ಬಾಗಿಲು ತೆರೆದಿವೆ, ಒಳಗೆ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ಮುಖ ಅದೇ, ಹಲ್ಲೂ ಅದೇ. ಕೈ ಮಾತ್ರ ಅವನು ಒಡ್ಡಿಲ್ಲ.

"ಇದನ್ನ ಹಾಕಬ್ಯಾಡ್ರಿ ಸಾರ್. ಹುಡುಗ್ರು ಅಳತಾವು" ಎಂದೆ.

"ನಾನೂ ಅತ್ತೀನವಾ. ಹಾಕು."

ಹುಡುಗರು ಅತ್ತರು, ಸಿಟ್ಟಿಗೆದ್ದರು, ಕೊನೆಗೆ ಮೇಷ್ಟ್ರನ್ನೇ ಅಂಗಡಿಯಲ್ಲಿ ಮುತ್ತಿಗೆ ಹಾಕಿದರು. ಕರಿಕಂಬಳಿಯನ್ನು ಹೇಗಾದರೂ ನಿಲ್ಲಿಸಬೇಕು, ಮತ್ತೆ ಒಳ್ಳೆಯವನನ್ನಾಗಿ ಮಾಡಬೇಕು. ಅಷ್ಟು ಮಕ್ಕಳೂ ಒಂದೇ ಸಮನೆ ಉಪಾಯ ಹೇಳತೊಡಗಿದವು.

"ಹೊಳಿಗೆ ದೂಡ್ರಿ ಸಾರ್!"

"ಮುಳುಗಂಗಿಲ್ಲ. ಹರಪನಹಳ್ಳಿಯವರ ವರ ಐತಿ" ಎಂದರು ಮೇಷ್ಟ್ರು.

"ಖೋಲ್ಯಾಗ ಹಾಕಿ ಕೀಲಿ ಜಡೀರಿ."

"ಅವ ಮುಟ್ಟಿದ್ರ ತಗೀತೈತಿ. ಕೂಡ್ಲಿಗಿಯವರ ವರ."

"ಎಲ್ಲಾರೂ ಕೂಡಿ ಒಲ್ಲೆ ಅಂದುಬಿಡೂಣ್ರಿ!"

"ಅನ್ನಾಕ ಬಾಯಿ ಬರಂಗಿಲ್ಲಪಾ. ಅದನ್ನೂ ನಾವ ಕೊಟ್ಟೀವಿ."

"ಹಂಗಾರ ಆ ವರ ಅಳಿಸಿಬಿಡ್ರಿ" ಎಂದ ಒಬ್ಬ. ಮೇಷ್ಟ್ರು ಅವನನ್ನೇ ನೋಡಿದರು. ರಬ್ಬರ್ ಮುಟ್ಟದವರಿಗೆ ಹೇಳುವ ಮಾತೇ ಅದು? ಹುಡುಗ ತಾನೇ ತಲೆ ತಗ್ಗಿಸಿದ.

ಆಗ ಮೇಷ್ಟ್ರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಬಯಲಾಟದಾಗ ರಾಕ್ಷಸಗ ವರ ಕೊಡೋನು ದೇವರು. ಅವ ಭಾರಿ ಹುಷಾರು, ಎಲ್ಲ್ಯಾರ ಒಂದು ಸಂದಿ ಬಿಟ್ಟ ಕೊಡತಾನ. ಹಗಲಲ್ಲ ರಾತ್ರಿಯಲ್ಲ ಅಂದ್ರೂ ಸಂಜಿ ಅನ್ನೋದು ಉಳದಿರತೈತಿ. ನಾವು ದೇವರಲ್ಲ. ನಾವು ಪ್ರೀತಿ ಮಾಡಿ ಕೊಟ್ವಿ. ಸಂದಿ ಬಿಡಬೇಕಂತ ಯಾರಿಗೂ ಹೊಳೀಲಿಲ್ಲ."

ಚಿಗಟೇರಿಯ ಹುಡುಗಿ ಮೂಲೆಯಲ್ಲಿ ಬಿಕ್ಕುತ್ತಿದ್ದಳು. "ನೋವಿನ ವರ ನಂದು ಸಾರ್. ನನ್ನಿಂದನ ಅವ ಕೆಟ್ಟ."

ಮೇಷ್ಟ್ರು ಅವಳ ಎದುರಿಗೆ ಮೊಣಕಾಲೂರಿ ಕುಳಿತರು. "ಇಲ್ಲ ತಂಗಿ. ಆ ವರ ನಿನಗಿಂತ ಮೊದಲ ನಾ ಕೊಟ್ಟೀನಿ. ಕೂಸಿದ್ದಾಗ ಕೊಟ್ಟೀನಿ." ಹುಡುಗರಿಗೆ ಅದು ಅರ್ಥವಾಗಲಿಲ್ಲ. ನಾನು ಮಷೀನಿನ ಕಡೆ ಮುಖ ತಿರುಗಿಸಿಕೊಂಡೆ, ಇಲ್ಲದಿದ್ದರೆ ನಾನೂ ಅಲ್ಲೇ ಅತ್ತುಬಿಡುತ್ತಿದ್ದೆ.

ದಾರಿ ಹುಡುಕಿದವಳೂ ಅವಳೇ. ಕೆಲವು ದಿನ ಬಿಟ್ಟು ಓಡೋಡಿ ಬಂದಳು. ವರ ವಾಪಸ್ ತಗೊಳ್ಳಬಾರದು, ಸರಿ. ಇನ್ನೊಂದು ಕೊಡಬಹುದಲ್ಲ? "ಮಂದಿ ನೋವು ಅವಗ ಆಗಲಿ ಅಂತ ಕೊಟ್ರ ಹ್ಯಾಂಗ ಸಾರ್? ಅವನ ನೋವಲ್ಲ, ಮಂದೀದು!" ಮೇಷ್ಟ್ರು ಹಣೆ ಹಣೆ ಬಡಿದುಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ಕಂಡು ಬಹಳ ದಿನವಾಗಿತ್ತು. ಆಮೇಲೆ ನಗು ಹಾಗೇ ಇಳಿಯಿತು. "ಆದ್ರ ಅವ ತಾನಾಗಿ ಕೈ ಒಡ್ಡಬೇಕಲ್ಲ."

ಅದೇ ಅವರ ಕೊನೆಯ ಸಂಚಿಕೆ. ಐದೂ ತಾಲ್ಲೂಕಿನ ಮಕ್ಕಳು ಸಾಲಾಗಿ ನಿಂತು ಆ ವರವನ್ನು ಬೊಗಸೆಯಲ್ಲಿ ಹಿಡಿದಿದ್ದಾರೆ. ಎದುರಿಗೆ ಕರಿಕಂಬಳಿ. ಕೈ ಕಂಬಳಿಯ ಒಳಗಿವೆ.

"ಮುಂದೇನ್ರಿ ಸಾರ್?"

"ನನಗ ಗೊತ್ತಿಲ್ಲವಾ. ಕೈ ಅವನವು."

ಮೇಷ್ಟ್ರಿಗೆ ಇನ್ನು ಬೇಕಾಗಿದ್ದದ್ದು ಒಂದೇ. ತಮ್ಮ ಒಂದು ಸಲ ಹಡಗಲಿಗೆ ಹೋಗಿ ಹೂವಿನವ್ವನ ಪಕ್ಕದಲ್ಲಿ ಕುಳಿತು, ಆ ಕೈಯನ್ನು ನೋಡಬೇಕು. ತಪ್ಪಾಯಿತೆಂದು ತಾವು ಹೋಗಿ ಹೇಳಿ ಬರಲು ಅವರು ಈ ಸಲ ತಯಾರಿರಲಿಲ್ಲ. "ನಾ ಹೋದ್ರ ಮತ್ತ ಅದ ಆಗತೈತಿ. ಅವನ ಹೋಗಬೇಕು" ಎನ್ನುತ್ತಿದ್ದರು. ಕೇಳಿದಾಗಲೆಲ್ಲ ತಮ್ಮ, "ಬರ್ತೀನಣ್ಣ, ನೀ ಬಸ್ ಸ್ಟ್ಯಾಂಡಿಗೆ ಬಂದಿರು" ಎಂದ. ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು ನಿಲ್ದಾಣದ ಕಲ್ಲಿನ ಮೇಲೆ ಕಾದರು. ಹಡಗಲಿ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ನಾನು ಚಹಾ ಕೊಟ್ಟು, "ಏಳ್ರಿ ಸಾರ್, ಅವ ಬರಂಗಿಲ್ಲ" ಎಂದು ಗದರಿದರೆ, "ಒಲ್ಲೆ ಅಂದಿಲ್ಲಲ್ಲವಾ, ಬರತಾನ" ಎನ್ನುತ್ತಿದ್ದರು. ನನಗೆ ತಮ್ಮನ ಮೇಲಿನ ಸಿಟ್ಟೆಲ್ಲ ಬಂದು ಈ ಮನುಷ್ಯನ ಮೇಲೆ ಕಾರುವಂತಾಗುತ್ತಿತ್ತು. ಎಂಥ ಹುಚ್ಚು ನಂಬಿಕೆಯಪ್ಪಾ ಅದು!

ಎದೆನೋವಿದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ಮುಂಜಾನೆ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು.

ತಮ್ಮ ಅತ್ತ. ಅದು ನಾಟಕವಾಗಿರಲಿಲ್ಲ, ಅಣ್ಣನ ಕಾಲು ಹಿಡಿದುಕೊಂಡು, ಯಾರು ಎಬ್ಬಿಸಿದರೂ ಏಳದೆ ಅತ್ತ. ಅವನು ಬಾಯಿ ಬಿಡುವ ಮೊದಲೇ ಇಡೀ ಬಜಾರು ಬಾಗಿಲು ಹಾಕಿತು. ಮೇಷ್ಟ್ರಿಗಾಗಿ ಹಾಕಿದವರು ಎಷ್ಟು ಜನ, ಹೆದರಿ ಹಾಕಿದವರು ಎಷ್ಟು ಜನ, ಯಾರಿಗೆ ಗೊತ್ತು?

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವನು ಅಣ್ಣನ ಫೋಟೋ ದೊಡ್ಡದು ಮಾಡಿಸಲು ನನ್ನ ಅಂಗಡಿಗೆ ಬಂದ. ಗಿರಾಕಿಗಳು ನಾಲ್ಕಾರು ಜನರಿದ್ದರು. ಹೂವಿನವ್ವನೂ ಇದ್ದಳು. ಅಷ್ಟು ದಿನ ಹಡಗಲಿಯ ಮನೆಯಲ್ಲೇ ಇದ್ದವಳು ಈಗ ಮತ್ತೆ ಬರತೊಡಗಿದ್ದಳು, ಹಳೆಯ ಜಾಗ ಹೋಗಿದ್ದರಿಂದ ನನ್ನ ಅಂಗಡಿಯ ಮೆಟ್ಟಿಲ ಮೇಲೇ ಬುಟ್ಟಿ ಇಟ್ಟುಕೊಳ್ಳುತ್ತಿದ್ದಳು. ಕೈ ಕೂಡಿಕೊಂಡಿತ್ತು, ಆದರೆ ಸೊಟ್ಟಗೆ. ದಂಡೆ ಕಟ್ಟಲು ಬರುತ್ತಿರಲಿಲ್ಲ, ಬಿಡಿ ಹೂವನ್ನಷ್ಟೇ ಅಳೆದು ಕೊಡುತ್ತಿದ್ದಳು.

ಟೇಬಲ್ಲಿನ ಮೇಲಿದ್ದ ಕಡೆಯ ಎರಡು ಸಂಚಿಕೆಗಳು ಅವನ ಕಣ್ಣಿಗೆ ಬಿದ್ದವು. ನಿಂತೇ ಓದಿದ. ಒಂದು ಸಲ ಓದಿ ಮತ್ತೆ ಮೊದಲಿನಿಂದ ಓದಿದ. ಆಮೇಲೆ ಅವನು ತಲೆಯೆತ್ತಿ ನನ್ನನ್ನ, ಉಳಿದವರನ್ನ, ಎಲ್ಲರನ್ನೂ ನೋಡಿದ. ಕೊರೊನಾ ಕಾಲದಲ್ಲಿ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದ್ದ ಹುಡುಗನ ಮುಖವೇ ಅದು.

"ಅಕ್ಕಾ, ಅಣ್ಣ ನನ್ನ ಹಿಂಗ್ಯಾಕ ತೆಗದಾನ? ನಾ ಹಿಂಗ ಅದೀನೇನು? ನಿಜ ಹೇಳ್ರಿ ಯಾರರ."

"ಏ, ಎಲ್ಲೀದ್ರಿ" ಎಂದ ಒಬ್ಬ. "ಕಥಿ ಅದು, ಕಥ್ಯಾಗ ಏನರ ಬರೀತಾರ" ಎಂದ ಇನ್ನೊಬ್ಬ. "ನೀವು ದೇವರಂಥವರು" ಎಂದರು ಯಾರೋ ಹಿಂದಿನಿಂದ. ನಾನು ಬಾಯಿ ತೆರೆದೆ. ಮಾತು ಗಂಟಲಿಗೆ ಬಂದಿತ್ತು, ಅದರ ಜೊತೆಗೇ ನಮ್ಮ ಮಾವನವರು ರೊಟ್ಟಿ ಕೇಳಿದ್ದೂ ಬಂತು, ಮೆಕ್ಯಾನಿಕ್‌ನ ಬೀಗವೂ ಬಂತು. ನಾನು ಹೂವಿನವ್ವನ ಕಡೆ ನೋಡಿದೆ. ಅವನೂ ನನ್ನ ಕಣ್ಣಿನ ಜಾಡು ಹಿಡಿದು ಅತ್ತ ತಿರುಗಿದ. ಅವಳ ಕೈ ಕಂಡಿತು. ಹತ್ತಿರ ಹೋಗಿ ಬಗ್ಗಿದ.

"ಕೈಗೇನಾತವ್ವಾ? ಹಿಂಗ್ಯಾಕ ಸೊಟ್ಟ ಆಗೈತಿ?"

ದೇವರಾಣೆ, ಅವನಿಗೆ ನೆನಪಿರಲಿಲ್ಲ. ಹೂವಿನವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು.

"ಬಿದ್ದಿದ್ನೆಪಾ" ಎಂದಳು.

"ಹುಷಾರವ್ವಾ. ದೊಡ್ಡ ದವಾಖಾನಿಗೆ ತೋರ್ಸು, ನನ್ನ ಹೆಸರು ಹೇಳು, ಚೊಲೊ ನೋಡತಾರ" ಎಂದ. ಪುಸ್ತಕಗಳನ್ನು ನೀಟಾಗಿ ಟೇಬಲ್ಲಿನ ಮೇಲಿಟ್ಟ. ನಿರಾಳವಾಗಿದ್ದ. ಬೈಕುಗಳು ಹೊರಟುಹೋದವು.

ಅಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಷ್ಟ್ರು ಅಷ್ಟು ದಿನ ಕಲ್ಲಿನ ಮೇಲೆ ಕುಳಿತು ಕಾದದ್ದು ಈ ಒಂದು ಪ್ರಶ್ನೆಗೆ. ಅವನು ತಾನಾಗಿ ಬಂದು ಕೈ ಒಡ್ಡಿ ಕೇಳಿದ್ದ, ನಾವು ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ಅವರಿಲ್ಲವಲ್ಲ ಎಂದು ಸಂಕಟಪಡದ ದಿನವಿಲ್ಲ. ಅವತ್ತೊಂದು ಗಳಿಗೆ ಮಾತ್ರ, ಸದ್ಯ ಅವರಿಲ್ಲ, ಇದನ್ನು ನೋಡಲಿಲ್ಲ ಎಂದುಕೊಂಡೆ.